ಕೆನ್ನೆಯೊಳಗಿನ ಸುಲಿತ

ಕೆನ್ನೆ ಎಂದ ಕೂಡಲೇ ನಮಗೆ ನೆನಪಾಗುವುದು ಹೊರಗಿನ ಕೆನ್ನೆ. ಅರಿಶಿನ ಹಚ್ಚುವುದು, ಗುಳಿ ಬೀಳುವುದು, ಏಟು ತಿನ್ನುವುದು, ಮುತ್ತು ಪಡೆಯುವುದು ಎಲ್ಲ ಹೊರಗಿನದಕ್ಕೇ. ಅದೇ ಕೆನ್ನೆಗೆ ಒಂದು ಒಳಮೈಯೂ ಇದೆ. ಅದು ಹಗಲೂ ರಾತ್ರಿ ಒದ್ದೆಯಾಗಿರುತ್ತದೆ. ಬಿಸಿ ಕಾಫಿ, ಹಸಿಮೆಣಸು, ಹಲ್ಲಿನ ಅಂಚು ಎಲ್ಲವನ್ನೂ ದಿನವೂ ತಡೆದುಕೊಳ್ಳುತ್ತದೆ. ಅದಕ್ಕೆ ಏನಾದರೂ ಆಗುವವರೆಗೆ ನಾವು ಅದನ್ನು ನೆನೆಯುವುದೇ ಇಲ್ಲ. ಪಠ್ಯಪುಸ್ತಕಗಳು ಅದನ್ನು ಲೋಳೆಪೊರೆ ಎನ್ನುತ್ತವೆ. ನಮ್ಮ ಮನೆಯಲ್ಲಿ ಆ ಪದ ಯಾರೂ ಬಳಸಿದ್ದಿಲ್ಲ. ಎಲ್ಲಕ್ಕೂ ಸೇರಿಸಿ 'ಬಾಯಿ' ಎಂದರೆ ಮುಗಿಯಿತು: ಬಾಯಿ ಸುಟ್ಟಿತು, ಬಾಯಿ ಹುಣ್ಣಾಯಿತು, ಬಾಯಿ ಉರಿಯುತ್ತದೆ.

ಕಳೆದ ಎರಡು ವರ್ಷಗಳಲ್ಲಿ ಈ ಒಳಗೆನ್ನೆಯ ಬಗ್ಗೆ ನನಗೆ ಗೊತ್ತಾದದ್ದೆಲ್ಲ ನಮ್ಮದೇ ಮನೆಯ ಮೂರು ಬಾಯಿಗಳಿಂದ. ಒಂದು ನನ್ನದು, ಇನ್ನೊಂದು ತೀರಿಹೋದ ಅಜ್ಜಿಯದು, ಮೂರನೆಯದು ಚಿಕ್ಕಪ್ಪನದು.

ನಾನು ಪ್ರಾಣಿಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಹೊಳೆ ಮೀನುಗಳ ಕಿವಿರು ಕಲುಷಿತ ನೀರಿನಲ್ಲಿ ಹೇಗೆ ಬದಲಾಗುತ್ತದೆ ಎಂಬುದು ನನ್ನ ವಿಷಯ. ಕಿವಿರಿನ ಚೂರನ್ನು ಮೇಣದಲ್ಲಿ ಹುದುಗಿಸಿ, ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ನೋಡುವುದೇ ದಿನದ ಕೆಲಸ. ನಾಲ್ಕನೆಯ ವರ್ಷದಲ್ಲಿದ್ದಾಗ ಒಂದು ದಿನ ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನಾಲಿಗೆಗೆ ಏನೋ ಸಿಕ್ಕಿತು. ಬೆರಳಲ್ಲಿ ತೆಗೆದು ನೋಡಿದರೆ ಬಿಳಿಯ ತೆಳು ಪೊರೆ. ಹಾಲು ಕಾಯಿಸಿದಾಗ ಮೇಲೆ ಕಟ್ಟುವ ಕೆನೆಯನ್ನು ಉಗುರಲ್ಲಿ ಎತ್ತಿದರೆ ಹೇಗೆ ಬರುತ್ತದೆಯೋ ಹಾಗಿತ್ತು. ಎರಡೂ ಕೆನ್ನೆಯ ಒಳಗಿನಿಂದ ಎಳೆ ಎಳೆಯಾಗಿ ಏಳುತ್ತಿತ್ತು. ನೋವಿಲ್ಲ, ಉರಿಯಿಲ್ಲ, ರಕ್ತವಿಲ್ಲ. ಮಾರನೆಯ ದಿನವೂ ಬಂತು, ಅದರ ಮಾರನೆಯ ದಿನವೂ.

ಬೇರೆ ಊರಿನವರಾಗಿದ್ದರೆ ಇದನ್ನು ಅಷ್ಟು ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲವೇನೋ. ನಾನು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವಳು. ಬಾಯಲ್ಲಿ ಬಿಳಿ ಕಂಡಿತು ಎಂದರೆ ನಮ್ಮ ಕಡೆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನನಗೆ ಗೊತ್ತು. ನಾನು ಕವಳ ಹಾಕುವವಳಲ್ಲ. ಆದರೂ ರಾತ್ರಿ ಹಾಸ್ಟೆಲಿನ ಕನ್ನಡಿಯ ಮುಂದೆ ಮೊಬೈಲಿನ ಟಾರ್ಚು ಹಿಡಿದು, ಕೆನ್ನೆ ಎಳೆದು ಎಳೆದು ನೋಡುತ್ತಿದ್ದೆ. ರೂಮ್‌ಮೇಟ್ ಬೇಸತ್ತು, "ನೀನು ಕನ್ನಡಿಗೆ ತೋರಿಸಿದ್ದು ಸಾಕು, ಡಾಕ್ಟರಿಗೆ ತೋರಿಸು" ಎಂದಳು.

ದಂತವೈದ್ಯ ಕಾಲೇಜಿನ ಹೊರರೋಗಿ ವಿಭಾಗದಲ್ಲಿ ಸಿಕ್ಕಿದ್ದು ಒಬ್ಬರು ಹಿರಿಯ ಮೇಡಂ. ಕನ್ನಡಿಯ ಕಡ್ಡಿಯಿಂದ ಕೆನ್ನೆ ಸರಿಸಿ, ಹತ್ತಿಯಲ್ಲಿ ಒರೆಸಿದರು. ಪೊರೆ ಸಲೀಸಾಗಿ ಎದ್ದು ಬಂತು. ಅದರ ಕೆಳಗಿನ ಜಾಗ ಗುಲಾಬಿಯಾಗಿ, ಗಾಯವಿಲ್ಲದೆ ಇತ್ತು.

"ಯಾವ ಪೇಸ್ಟು?"

ಹೇಳಿದೆ. ಹಾಸ್ಟೆಲಿನ ಎದುರಿನ ಅಂಗಡಿಯಲ್ಲಿ ಆ ತಿಂಗಳು ಸಿಕ್ಕಿದ್ದ ಹೊಸ ಪೇಸ್ಟು, ಹಲ್ಲು ಬೆಳ್ಳಗೆ ಮಾಡುವಂಥದ್ದು.

"ಅದನ್ನ ಬಿಟ್ಟು ನೊರೆ ಕಮ್ಮಿ ಇರೋದು ಯಾವುದಾದರೂ ತಗೊಳ್ಳಿ. ಎರಡು ವಾರ ಬಿಟ್ಟು ಬನ್ನಿ. ನಿಂತಿರುತ್ತೆ."

ಟೂತ್‌ಪೇಸ್ಟಿನ ನೊರೆಗೆ ಕಾರಣ ಹೆಚ್ಚಿನವುಗಳಲ್ಲಿ ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ರಾಸಾಯನಿಕ. ಶಾಂಪೂವಿನಲ್ಲಿ ನೊರೆ ಬರಿಸುವುದೂ ಇದೇ. ಪೇಸ್ಟಿನಲ್ಲಿ ಸಾಮಾನ್ಯವಾಗಿ ಶೇಕಡಾ 0.5ರಿಂದ 2ರಷ್ಟು ಇರುತ್ತದೆ. ಜಿಡ್ಡು ತೆಗೆಯುವುದು ಅದರ ಕೆಲಸ. ಕೆಲವರ ಬಾಯಲ್ಲಿ ಅದು ಜೊಲ್ಲಿನ ಕಾಪನ್ನೂ ತೊಳೆದು, ಕೆನ್ನೆಯ ಮೇಲ್ಪದರದ ಕೋಶಗಳನ್ನು ಒಟ್ಟಿಗೇ ಸಡಿಲಿಸುತ್ತದೆ. ಬಿಡಿಬಿಡಿಯಾಗಿ, ಕಣ್ಣಿಗೆ ಕಾಣದಂತೆ ಉದುರಬೇಕಾದದ್ದು ಹಾಳೆಯಂತೆ ಎದ್ದು ಬರುತ್ತದೆ. ಕೆಲವು ಬಗೆಯ ಮೌತ್‌ವಾಶ್‌ಗಳಿಂದಲೂ ಹೀಗಾಗುವುದುಂಟು. ಪೇಸ್ಟು ಬದಲಿಸಿದ ಮೇಲೆ ನನ್ನ ಬಾಯಿ ಹತ್ತೇ ದಿನದಲ್ಲಿ ಸರಿಹೋಯಿತು.

ಎರಡನೆಯ ಸಲ ಹೋದಾಗ ಮೇಡಂ ನನ್ನ ಕೆನ್ನೆಯಲ್ಲಿ ಇನ್ನೊಂದನ್ನು ತೋರಿಸಿದರು. ಮೇಲಿನ ಹಲ್ಲು, ಕೆಳಗಿನ ಹಲ್ಲು ಕೂಡುವ ಮಟ್ಟಕ್ಕೆ ಸರಿಯಾಗಿ ಒಂದು ಬಿಳಿ ಗೆರೆ. ಬಹಳ ಜನರಿಗೆ ಅದು ಇರುತ್ತದಂತೆ, ಹಲ್ಲು ಒತ್ತಿ ಒತ್ತಿ ಆಗುವುದು. ಚಿಂತೆಯಲ್ಲಿ ಕೆನ್ನೆ ಕಚ್ಚುವವರಿಗೆ ಅದು ದಪ್ಪಗಾಗಿ, ತರಿತರಿಯಾಗಿ, ಸುಲಿದು ಬರುತ್ತದೆ. "ಥೀಸಿಸ್ ಬರೀತಿದೀರಾ?" ಎಂದು ನಕ್ಕರು. ಆಮೇಲೆ ಗಂಭೀರವಾಗಿ ಹೇಳಿದ್ದನ್ನು ಇಲ್ಲಿ ಬರೆದಿಡುತ್ತೇನೆ, ಓದುವವರಿಗೆ ಉಪಯೋಗಕ್ಕೆ ಬಂದೀತು. ನೋವಿಲ್ಲದೆ ಬಿಳಿ ಎಳೆ ಎದ್ದು, ಕೆಳಗೆ ಗುಲಾಬಿ ಬಣ್ಣ ಕಂಡರೆ ಹೆದರಬೇಕಿಲ್ಲ. ಪೊರೆ ಎದ್ದ ಜಾಗ ಹಸಿ ಗಾಯವಾಗಿ ಉರಿದರೆ, ಬಾಯಲ್ಲಿ ಗುಳ್ಳೆ ಎದ್ದು ಒಡೆಯುತ್ತಿದ್ದರೆ ಅದು ಪೆಂಫಿಗಸ್‌ನಂಥ ದೊಡ್ಡ ಕಾಯಿಲೆ ಇರಬಹುದು. ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ಮನೆಮದ್ದು ಮಾಡಿಕೊಂಡು ಕೂರಬಾರದು.

ಈ ಎರಡು ವಾರದ ಲೆಕ್ಕ ಸುಮ್ಮನೆ ಬಂದದ್ದಲ್ಲ. ಪದವಿ ತರಗತಿಯ ಮಕ್ಕಳಿಗೆ ನಾನು ಪ್ರಾಕ್ಟಿಕಲ್ ತೆಗೆದುಕೊಳ್ಳುತ್ತೇನೆ. ಮೊದಲ ಸೆಮಿಸ್ಟರಿನಲ್ಲಿ ಕೆನ್ನೆಯ ಕೋಶಗಳನ್ನು ನೋಡುವ ಪ್ರಯೋಗ ಇರುತ್ತದೆ. ಹಲ್ಲುಕಡ್ಡಿಯ ಮೊಂಡು ತುದಿಯಿಂದ ಒಳಗೆನ್ನೆಯನ್ನು ಮೆಲ್ಲಗೆ ಕೆರೆದು, ಗಾಜಿನ ಪಟ್ಟಿಯ ಮೇಲೆ ಸವರಿ, ಒಂದು ಹನಿ ಮೀಥಿಲೀನ್ ಬ್ಲೂ ಹಾಕಿದರೆ ಸಾಕು. ಮುರಿದ ಹಪ್ಪಳದ ಚೂರುಗಳಂಥ ಕೋಶಗಳು, ಅಂಚು ಮಡಚಿಕೊಂಡು, ನಡುವೆ ಒಂದು ಕಡುನೀಲಿ ಚುಕ್ಕೆ ಇಟ್ಟುಕೊಂಡು ಕಾಣುತ್ತವೆ. "ಮ್ಯಾಮ್, ಇದು ನಂದೇನಾ?" ಎಂದು ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ನಿಮ್ಮದೇ, ಆದರೆ ಆಗಲೇ ಬಿಟ್ಟುಕೊಟ್ಟದ್ದು ಎನ್ನುತ್ತೇನೆ.

ಕೆನ್ನೆಯ ಒಳಪದರ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಅದರ ತಳದಲ್ಲಿ ಕೋಶಗಳು ಹುಟ್ಟುತ್ತಲೇ ಇರುತ್ತವೆ, ಮೇಲಿನವನ್ನು ತಳ್ಳುತ್ತಲೇ ಇರುತ್ತವೆ. ಹೊರಗಿನ ಚರ್ಮ ಹೀಗೆ ಪೂರ್ತಿ ಹೊಸತಾಗಲು ಒಂದು ತಿಂಗಳೇ ಬೇಕು, ಒಳಗೆನ್ನೆಗೆ ಸುಮಾರು ಎರಡು ವಾರ ಸಾಕು. ಉದುರಿದ್ದನ್ನು ಜೊಲ್ಲಿನ ಜೊತೆ ನಾವೇ ನುಂಗುತ್ತೇವೆ. ರಕ್ತದ ಕ್ಯಾನ್ಸರಿನ ರೋಗಿಗಳಿಗೆ ದಾನಿಗಳನ್ನು ಹುಡುಕುವವರು ಕಾಲೇಜುಗಳಿಗೆ ಬಂದು ಹತ್ತಿಯ ಕಡ್ಡಿಯನ್ನು ಕೆನ್ನೆಯೊಳಗೆ ಉಜ್ಜಿ ಒಯ್ಯುತ್ತಾರಲ್ಲ, ಅವರಿಗೆ ಸಿಗುವುದೂ ಇದೇ ಉದುರುವ ಕೋಶಗಳು. ಬಾಯೊಳಗಿನ ಗಾಯ ಚರ್ಮದ ಗಾಯಕ್ಕಿಂತ ಬೇಗ ಮಾಯುತ್ತದೆ, ಹೆಚ್ಚಾಗಿ ಕಲೆಯನ್ನೂ ಉಳಿಸುವುದಿಲ್ಲ. ಸುಟ್ಟ ಬಾಯಿಯನ್ನು ನಾಲ್ಕು ದಿನದಲ್ಲಿ ಮರೆತುಬಿಡುತ್ತೇವೆ. ಸಾಮಾನ್ಯ ಗಾಯ ಮಾಯಲು ಎರಡು ವಾರ ಸಾಕು ಎಂದ ಮೇಲೆ, ಆ ಗಡುವು ಮೀರಿದ್ದು ಸಾಮಾನ್ಯದ್ದಲ್ಲ ಎಂದೇ ತಿಳಿಯಬೇಕು.

ಅಜ್ಜಿಯ ಬಾಯಿ ನೆನಪಾದದ್ದು ಆಗ. ಅಜ್ಜಿ ದಿನಕ್ಕೆ ಎಂಟು ಹತ್ತು ಕವಳ ಹಾಕುತ್ತಿದ್ದಳು. ಎಲೆ, ಅಡಿಕೆ, ಸುಣ್ಣ, ಉಗುರಿನಷ್ಟು ಹೊಗೆಸೊಪ್ಪು. ಎಲೆಸಂಚಿ ಸೊಂಟ ಬಿಟ್ಟಿದ್ದನ್ನು ನಾನು ನೋಡಿಲ್ಲ. ಅವಳ ಕೆನ್ನೆಯೊಳಗಿನಿಂದಲೂ ಪೊರೆ ಏಳುತ್ತಿತ್ತು. ನನ್ನದರಂತೆ ಬಿಳಿಯಲ್ಲ, ಕೆಂಪು ಕಂದು ಬಣ್ಣದ್ದು. ಜಗಲಿಯಲ್ಲಿ ಕೂತು ಬೆರಳು ಹಾಕಿ ಅದನ್ನು ತೆಗೆದು, ಅಂಗಳಕ್ಕೆ ಎಸೆದು, "ಸುಣ್ಣ ಹೆಚ್ಚಾಯ್ತು ಕಾಣೆ" ಎನ್ನುತ್ತಿದ್ದಳು. ಆಮೇಲೆ ಒಂದು ಚೂರು ಕೊಬ್ಬರಿ ಅಗಿಯುತ್ತಿದ್ದಳು. ಅರ್ಧ ಗಂಟೆಗೆ ಮತ್ತೆ ಕವಳ.

ಇದಕ್ಕೂ ವೈದ್ಯರ ಪುಸ್ತಕದಲ್ಲಿ ಹೆಸರಿದೆ ಎಂದು ಮೇಡಂ ಹೇಳಿದ ಮೇಲೆ ಓದಿದೆ. ಬೀಟಲ್ ಚ್ಯೂಯರ್ಸ್ ಮ್ಯೂಕೋಸಾ, ಅಂದರೆ ಎಲೆ ಅಡಿಕೆ ಜಗಿಯುವವರ ಕೆನ್ನೆ. ಜಗಿದದ್ದು ಇಟ್ಟ ಜಾಗದಲ್ಲಿ ಕೆನ್ನೆ ಕೆಂಪು ಕಂದಾಗಿ, ಹಕ್ಕಳೆಗಟ್ಟಿದಂತಾಗಿ, ಸುಲಿದು ಬರುತ್ತದೆ. ಸುಣ್ಣದ ಸುಡು, ಅಡಿಕೆಯ ಒಗರು, ದಿನವಿಡೀ ಆಗುವ ತಿಕ್ಕಾಟ, ಎಲ್ಲವೂ ಸೇರಿ ಮಾಡುವ ಕೆಲಸ ಇದು. ಅಜ್ಜಿ 84ರವರೆಗೆ ಬದುಕಿದಳು. ಹೋದದ್ದು ಬಾಯಿಯ ಕಾಯಿಲೆಯಿಂದಲ್ಲ, ವಯಸ್ಸಾಗಿ. ನಮ್ಮ ಮನೆಯಲ್ಲಿ ಅಡಿಕೆಯ ಪರವಾಗಿ ಇಂದಿಗೂ ಎದ್ದು ನಿಲ್ಲುವ ದೊಡ್ಡ ಸಾಕ್ಷಿ ಅವಳೇ.

ಅಡಿಕೆ ನಮಗೆ ಏನು ಎಂದು ಮಲೆನಾಡಿನವರಿಗೆ ವಿವರಿಸಬೇಕಿಲ್ಲ, ಉಳಿದವರಿಗಾಗಿ ಒಂದು ಮಾತು. ಜಗತ್ತಿನಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವುದೂ ತಿನ್ನುವುದೂ ಭಾರತ. ಭಾರತದಲ್ಲಿ ಅತಿ ಹೆಚ್ಚು ಬೆಳೆಯುವುದು ಕರ್ನಾಟಕ. ನಮ್ಮ ಎರಡು ಎಕರೆ ತೋಟದ ಲೆಕ್ಕದಲ್ಲಿ ನೋಡಿದರೆ ಅಕ್ಕನ ಮದುವೆ, ಮನೆಯ ಹೆಂಚು, ನನ್ನ ಬಿಎಸ್ಸಿ, ಎಂಎಸ್ಸಿ ಎಲ್ಲವೂ ಅಡಿಕೆಯೇ. ದೀಪಾವಳಿ ಕಳೆದು ಕೊನೆಕೊಯ್ಲು ಶುರುವಾದರೆ ರಾತ್ರಿ ಅಂಗಳದಲ್ಲಿ ಸುಲಿತ. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತ ಹೆಂಗಸರು ಹಸಿ ಅಡಿಕೆಯ ಸಿಪ್ಪೆಯನ್ನು ಎರಡೇ ಏಟಿಗೆ ಬಿಡಿಸಿ ಬುಟ್ಟಿಗೆ ಎಸೆಯುವ ಸದ್ದು ಕೇಳುತ್ತಲೇ ನಾನು ಪರೀಕ್ಷೆಗಳಿಗೆ ಓದಿದ್ದು. ಈಗ ಸುಲಿಯುವ ಯಂತ್ರ ಬಂದಿದೆ, ಆದರೂ ನಮ್ಮಲ್ಲಿ ಇನ್ನೂ ನಾಲ್ಕು ಕತ್ತಿ ಇವೆ. ಸುಲಿದದ್ದನ್ನು ಹಂಡೆಯಲ್ಲಿ ಬೇಯಿಸಿದರೆ ಉಳಿಯುವ ಕೆಂಪು ರಸವೇ ಚೊಗರು. ಬೆಂದ ಅಡಿಕೆಗೆ ಬಣ್ಣ ಬರಲು ಅದನ್ನೇ ಹಾಕುತ್ತೇವೆ. ಹೆಗ್ಗೋಡಿನ ಚರಕ ಸಂಸ್ಥೆಯವರು ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟಲು ಇದೇ ಚೊಗರನ್ನು ಬಳಸುತ್ತಾರೆ. ಚೊಗರು ತಾಗಿದ ಕೈ ವಾರಗಟ್ಟಲೆ ಕಪ್ಪಾಗಿರುತ್ತದೆ. ಹಿಡಿದರೆ ಬಿಡದ ಬಣ್ಣ ಅದು.

ಚಿಕ್ಕಪ್ಪ ಅಪ್ಪಯ್ಯನಿಗಿಂತ ಹನ್ನೆರಡು ವರ್ಷ ಸಣ್ಣವನು, ಈಗ 46. ಊರಿನ ನಾಲ್ಕಾರು ಮನೆಗಳ ಅಡಿಕೆಯನ್ನು ಪಿಕಪ್‌ನಲ್ಲಿ ಶಿವಮೊಗ್ಗದ ಮಂಡಿಗೆ ಒಯ್ಯುವ ಕೆಲಸ ಇಪ್ಪತ್ತರ ಹರೆಯದಿಂದ ಮಾಡಿದವನು. ಅಜ್ಜಿಯ ಹಾಗೆ ಕೂತು, ಎಲೆಯ ತೊಟ್ಟು ಮುರಿದು, ನಾರು ಎಳೆದು, ಸುಣ್ಣ ಸವರಿ ಕವಳ ಕಟ್ಟಲು ಚಾಲಕನಿಗೆ ಪುರಸೊತ್ತು ಎಲ್ಲಿ? ಹಲ್ಲಿನಿಂದ ಹರಿದು ಬಾಯಿಗೆ ಸುರಿದುಕೊಳ್ಳುವ ಪ್ಯಾಕೆಟ್ ಅವನ ಕವಳವಾಯಿತು. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯಿತು. ಅದಾದ ಮೇಲೆ ಪಾನ್ ಮಸಾಲೆ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್. ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಂಡರೆ ಮೊದಲಿನದೇ.

ಅವನ ಬಾಯಲ್ಲಿ ಏನೋ ಆಗುತ್ತಿದೆ ಎಂದು ಮನೆಯವರಿಗೆ ಒಂದೊಂದೇ ಕಾಣತೊಡಗಿತ್ತು, ಆದರೆ ಯಾರೂ ಒಂದಕ್ಕೊಂದು ಕೂಡಿಸಿ ನೋಡಿರಲಿಲ್ಲ. ಮೊದಲು ಉಪ್ಪಿನಕಾಯಿ ಬಿಟ್ಟ. ಆಮೇಲೆ ಸಾರಿಗೂ ಮೊಸರು ಕಲೆಸಿಕೊಳ್ಳತೊಡಗಿದ. ಖಾರ ಉರಿಯುತ್ತದೆ ಎಂದ, ಗ್ಯಾಸ್ಟ್ರಿಕ್ ಎಂದುಕೊಂಡರು. ಬಚ್ಚಲ ಒಲೆಗೆ ಊದುಗೊಳವೆ ಹಿಡಿದರೆ ಗಾಳಿ ನಿಲ್ಲುತ್ತಿರಲಿಲ್ಲ, ಕೆನ್ನೆ ಉಬ್ಬುತ್ತಲೇ ಇರಲಿಲ್ಲ. ತೋಟದ ಆ ತುದಿಯಿಂದ ನಾಯಿಯನ್ನು ಕರೆಯಲು ಚಿಕ್ಕಪ್ಪ ಹಾಕುತ್ತಿದ್ದ ಶಿಳ್ಳೆ ನಮ್ಮ ಕೇರಿಗೇ ಗೊತ್ತಿದ್ದದ್ದು. ಅದು ಯಾವಾಗ ನಿಂತಿತು ಎಂದು ಯಾರಿಗೂ ನೆನಪಿಲ್ಲ. ಚಿಕ್ಕಮ್ಮ ಮಾತ್ರ, "ಕಡುಬನ್ನ ನಾಲ್ಕು ತುಂಡು ಮಾಡಿ ತಿಂತಾರೆ, ಸಣ್ಣ ಮಗು ತಿಂದ ಹಾಗೆ" ಎಂದು ಒಂದು ಸಲ ನನ್ನ ಹತ್ತಿರ ಹೇಳಿದ್ದಳು.

ನಾನು ಆ ವರ್ಷ ಕೊನೆಕೊಯ್ಲಿಗೆ ಮನೆಗೆ ಹೋದಾಗ ಮೇಡಂ ಹೇಳಿಕೊಟ್ಟ ಮೂರು ಬೆರಳಿನ ಪರೀಕ್ಷೆ ತಲೆಯಲ್ಲಿತ್ತು. ನಮ್ಮದೇ ಕೈಯ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಾಕಿದರೆ ಸಾಮಾನ್ಯವಾಗಿ ಹಿಡಿಸಬೇಕು. ಊಟವಾದ ಮೇಲೆ ಮಕ್ಕಳಿಗೆ ಆಟದಂತೆ ಹೇಳಿದೆ, ಎಲ್ಲರೂ ಮಾಡಿದರು. ಅಪ್ಪಯ್ಯನೂ ಮಾಡಿದರು. ಚಿಕ್ಕಪ್ಪನಿಗೆ ಎರಡು ಬೆರಳೂ ಸರಿಯಾಗಿ ಹೋಗಲಿಲ್ಲ.

"ಎಂತ ಪುಟ್ಟಿ, ನಂಗೆ ಬಾಯಿ ಸಣ್ಣದು ಅಷ್ಟೆ" ಎಂದ.

"ಟಾರ್ಚು ಹಾಕಿ ನೋಡ್ಲಾ ಚಿಕ್ಕಪ್ಪ?"

ಒಪ್ಪಿದ. ನಾನು ನೋಡಿದ್ದು ಪೊರೆ ಎದ್ದ ಕೆನ್ನೆಯನ್ನಲ್ಲ. ಒಂದು ಎಳೆಯೂ ಎದ್ದಿರಲಿಲ್ಲ. ನನ್ನ ಕೆನ್ನೆಗಿಂತ, ಅಜ್ಜಿಯದಕ್ಕಿಂತ ಎಷ್ಟೋ ನುಣುಪಾಗಿ, ಚೊಕ್ಕವಾಗಿ ಇತ್ತು. ಬಣ್ಣ ಮಾತ್ರ ಗುಲಾಬಿಯಲ್ಲ, ಅಮೃತಶಿಲೆಯ ಹಾಗೆ ಬಿಳಿಚಿಕೊಂಡಿತ್ತು. ಬೆರಳಿಗೆ ಬಟ್ಟೆ ಸುತ್ತಿ ಮುಟ್ಟಿದೆ. ಒಳಗೆ ಮೇಲಿನಿಂದ ಕೆಳಕ್ಕೆ ಹಗ್ಗ ಎಳೆದು ಕಟ್ಟಿದಂತೆ ಗಟ್ಟಿ ಪಟ್ಟಿಗಳು. ಕೆನ್ನೆ ಎಳೆದರೆ ಬರಲಿಲ್ಲ.

ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಹೆಸರನ್ನು ಶಿವಮೊಗ್ಗದ ವೈದ್ಯರು ಮುಂದಿನ ವಾರ ಹೇಳಿದರು. ಫೈಬ್ರೋಸಿಸ್ ನನಗೆ ಹೊಸ ಪದವಲ್ಲ. ನನ್ನ ಮೀನುಗಳ ಕಿವಿರಿನ ಸ್ಲೈಡುಗಳಿಗೆ ಒಂದು ಬಗೆಯ ಬಣ್ಣ ಹಾಕಿದರೆ ಕೊಲಾಜನ್ ನಾರುಗಳು ನೀಲಿಯಾಗಿ ಕಾಣುತ್ತವೆ, ನೀಲಿ ಹೆಚ್ಚಾದಷ್ಟೂ ಅಂಗಾಂಶ ಬಿಗಿದಿದೆ ಎಂದು ಅರ್ಥ. ಆ ನೀಲಿಯನ್ನು ಎಣಿಸುವುದು ನನ್ನ ಪ್ರಬಂಧದ ಒಂದು ಅಧ್ಯಾಯ. ಅದೇ ನೀಲಿ ಚಿಕ್ಕಪ್ಪನ ಕೆನ್ನೆಯಲ್ಲೂ ಇದೆ ಎಂದು ತಿಳಿದ ಮೇಲೆ ಲ್ಯಾಬಿನಲ್ಲಿ ಕೆಲವು ದಿನ ಕೈ ಓಡಲಿಲ್ಲ.

ಅಡಿಕೆಯಲ್ಲಿ ಅರೆಕೋಲಿನ್ ಎಂಬ ಅಂಶವಿದೆ, ಜಗಿದಾಗ ಮೈ ಬೆಚ್ಚಗಾಗಿ ಉಲ್ಲಾಸ ಬರುವುದಕ್ಕೆ ಮುಖ್ಯ ಕಾರಣ ಅದು. ಅದೇ ಅಂಶ ಕೆನ್ನೆಯ ಪದರದ ಅಡಿಯಲ್ಲಿರುವ ಕೋಶಗಳನ್ನು ಕೆಣಕಿ ಹೆಚ್ಚು ಕೊಲಾಜನ್ ಮಾಡಿಸುತ್ತದೆ. ಹಳೆಯ ಕೊಲಾಜನ್ ಕರಗುವುದು ಸಹಜ ಕ್ರಮ. ಅದು ಕರಗದಂತೆ ತಡೆಯುವುದು ಅಡಿಕೆಯ ಟ್ಯಾನಿನ್, ಅಂದರೆ ನಮ್ಮ ಹಂಡೆಯ ಚೊಗರಿನಲ್ಲಿರುವುದೇ. ಹಸಿ ತೊಗಲನ್ನು ಹದ ಮಾಡಿ ಕೊಳೆಯದ ಚರ್ಮವಾಗಿಸುವುದೂ ಮರದ ತೊಗಟೆಯ ಟ್ಯಾನಿನ್ನೇ ಅಲ್ಲವೆ? ಅಡಿಕೆಯಲ್ಲಿರುವ ತಾಮ್ರ ಆ ನಾರುಗಳನ್ನು ಒಂದಕ್ಕೊಂದು ಹೊಸೆಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಮೇಲಿನ ಪದರ ತೆಳುವಾಗುತ್ತ ಹೋಗುತ್ತದೆ, ಅದಕ್ಕೇ ಖಾರ ತಾಗಿದರೆ ಉರಿ. ಕೆಳಗೆ ಹಗ್ಗ ಬಿಗಿಯುತ್ತಲೇ ಹೋಗುತ್ತದೆ.

ಒಳಗೆನ್ನೆಯ ಮೇಲ್ಪದರ ನಾವು ಮಾಡಿದ್ದನ್ನೆಲ್ಲ ಎರಡು ವಾರಕ್ಕೊಮ್ಮೆ ಕಳಚಿ ಹಾಕುತ್ತದೆ. ನನ್ನ ಪೇಸ್ಟನ್ನು ಕಳಚಿತು, ಅಜ್ಜಿಯ ಸುಣ್ಣವನ್ನೂ ಕಳಚುತ್ತಿತ್ತು. ನಾವು ಅದನ್ನು ನೋಡಿ ಹೆದರುತ್ತೇವೆ, ಕಣ್ಣಿಗೆ ಕಾಣುವುದು ಅದೊಂದೇ ಆದ್ದರಿಂದ. ಅದರಡಿ ಕಟ್ಟಿಕೊಳ್ಳುವ ಕೊಲಾಜನ್ ಹಾಗೆ ಕಳಚಿ ಬೀಳುವಂಥದ್ದಲ್ಲ. ಸುಲಿದು ಬಂದದ್ದನ್ನು ಡಾಕ್ಟರಿಗೆ ತೋರಿಸಲು ನಾನು ಹತ್ತೇ ದಿನದಲ್ಲಿ ಓಡಿದ್ದೆ. ಏನೂ ಸುಲಿಯದ ಕೆನ್ನೆಯನ್ನು ಚಿಕ್ಕಪ್ಪ ಹತ್ತು ವರ್ಷ ಯಾರಿಗೂ ತೋರಿಸದೆ ತಿರುಗಿದ.

ಈ ರೋಗವನ್ನು ಈ ಕಾಲದ ವೈದ್ಯಶಾಸ್ತ್ರ ಗುರುತಿಸಿದ್ದು 1952ರಲ್ಲಿ. ಶ್ವಾರ್ಟ್ಸ್ ಎಂಬ ವೈದ್ಯರು ಪೂರ್ವ ಆಫ್ರಿಕಾದ ಕೀನ್ಯಾದಲ್ಲಿದ್ದ ಐವರು ಭಾರತೀಯ ಮಹಿಳೆಯರ ಬಾಯಲ್ಲಿ ಅದನ್ನು ಕಂಡರು. ಮರುವರ್ಷವೇ ಮುಂಬೈಯ ಜೋಶಿಯವರು ಇಲ್ಲಿನ ರೋಗಿಗಳ ಬಗ್ಗೆ ಬರೆದರು. 1985ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕೇರಳದ ಎರ್ನಾಕುಲಂ ಜಿಲ್ಲೆಯ 66 ರೋಗಿಗಳನ್ನು 17 ವರ್ಷಗಳ ಅವಧಿಯಲ್ಲಿ ಗಮನಿಸಿತ್ತು. ಅವರಲ್ಲಿ 5 ಮಂದಿಗೆ ಬಾಯಿ ಕ್ಯಾನ್ಸರ್ ಬಂತು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಈ ಕೊನೆಯ ಮಾತನ್ನು ಅಡಿಕೆ ಬೆಳೆಯುವ ಮನೆಯ ಜಗಲಿಯಲ್ಲಿ ಹೇಳುವುದು ಸುಲಭವಲ್ಲ. ಆಸ್ಪತ್ರೆಯಿಂದ ಬಂದ ರಾತ್ರಿ ಅಪ್ಪಯ್ಯನ ಜೊತೆ ಮಾತಾಯಿತು.

"ಅವನು ತಿಂದದ್ದು ಪ್ಯಾಕೆಟ್ ಮಾರಾಯ್ತಿ, ಅಡಿಕೆ ಅಲ್ಲ. ಅದರಲ್ಲಿ ಎಂತೆಂಥ ಪುಡಿ ಹಾಕ್ತಾರೋ. ನಿಮ್ಮಜ್ಜಿ ಎಷ್ಟು ವರ್ಷ ತಿಂದ್ಲು? ಅವಳಿಗೆ ಎಂತ ಆಯ್ತು?"

"ಅಜ್ಜಿಗೆ ಏನೂ ಆಗ್ಲಿಲ್ಲ ಅಪ್ಪಯ್ಯ. ಆದ್ರೆ ಹೊಗೆಸೊಪ್ಪು ಹಾಕದ ಎಲೆ ಅಡಿಕೆ ಬೇರೆ, ಬರೀ ಅಡಿಕೆ ಬೇರೆ ಅಂತ ಒಂದೊಂದನ್ನೇ ನೋಡಿಯೇ ಅವರು ಹೇಳಿದ್ದು."

"ಹಂಗಾದ್ರೆ ತೋಟ ಕಡಿಯೋಣ್ವ? ನಿನ್ನ ಫೀಸು ಕಟ್ಟಿದ್ದು ಎಂತದ್ರಲ್ಲಿ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಒಂದು ವಿಷಯ ಮಾತ್ರ ಮರುದಿನ ಸಮಾಧಾನದಲ್ಲಿ ಹೇಳಿದೆ. ಮೊದಲ ಗುಂಪು ಎಂದರೆ ಪುರಾವೆ ಗಟ್ಟಿಯಾಗಿದೆ ಎಂದು ಅರ್ಥ, ಅದರಲ್ಲಿರುವ ಎಲ್ಲ ವಸ್ತುವೂ ಒಂದೇ ಪ್ರಮಾಣದಲ್ಲಿ ಅಪಾಯ ಎಂದಲ್ಲ. ಹೆಂಡವೂ ಅದೇ ಗುಂಪಿನಲ್ಲಿದೆ, ಹೊಗೆಸೊಪ್ಪೂ ಅದೇ ಗುಂಪಿನಲ್ಲಿದೆ. ಎಷ್ಟು, ಎಷ್ಟು ವರ್ಷ, ಏನೇನು ಬೆರೆಸಿ, ದಿನಕ್ಕೆ ಎಷ್ಟು ಹೊತ್ತು ಕೆನ್ನೆಯಲ್ಲಿಟ್ಟು ಎಂಬುದರ ಮೇಲೆ ಅಪಾಯ ಏರುತ್ತದೆ. ಅಪ್ಪಯ್ಯ ಏನೂ ಹೇಳಲಿಲ್ಲ. ಅವರು ನನ್ನ ಮಾತನ್ನು ಒಪ್ಪಿದರೆಂದು ನಾನು ಬರೆಯಲಾರೆ. ಚೀಟಿ ನೋಡಿ, ಗುರುವಾರ ಬಿಡದೆ ತಮ್ಮನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತಿದ್ದದ್ದು ಮಾತ್ರ ಅವರೇ. ಕೊಯ್ಲಿನ ಮಧ್ಯದಲ್ಲೂ, ಕೊನೆ ಇಳಿಸುವವರು ಅಂಗಳದಲ್ಲಿ ಕಾಯುತ್ತಿದ್ದಾಗಲೂ.

ಚಿಕಿತ್ಸೆಯ ಮೊದಲ ಮೆಟ್ಟಿಲು ಬಿಡುವುದು. ಅಡಿಕೆ, ತಂಬಾಕು, ಪ್ಯಾಕೆಟ್ ಎಲ್ಲವನ್ನೂ. ಚಿಕ್ಕಪ್ಪನಿಗೆ ಅತ್ಯಂತ ಕಷ್ಟವಾದದ್ದು ಅದೇ. ಇಪ್ಪತ್ತೈದು ವರ್ಷ ಅವನ ಎಡಗೆನ್ನೆ ಖಾಲಿ ಇದ್ದದ್ದು ನಿದ್ದೆಯಲ್ಲಿ ಮಾತ್ರ. ಮೊದಲ ತಿಂಗಳು ಏಲಕ್ಕಿ ಸಿಪ್ಪೆ, ಲವಂಗ, ಒಣದ್ರಾಕ್ಷಿ ಎಂದು ಏನಾದರೊಂದನ್ನು ಇಟ್ಟುಕೊಳ್ಳುತ್ತಿದ್ದ, ಯಾವುದೂ ಅದಾಗುತ್ತಿರಲಿಲ್ಲ. ಸಿಟ್ಟು ಬರುತ್ತಿತ್ತು. ಚಿಕ್ಕಮ್ಮನ ಮೇಲೆ, ಮಂಡಿಯವರ ಮೇಲೆ, ನನ್ನ ಮೇಲೂ. "ನೀನು ಬಾಯಿಗೆ ಟಾರ್ಚು ಹಾಕದೇ ಇದ್ದಿದ್ರೆ ನಾನು ಆರಾಮಿದ್ದೆ" ಎಂದ ಒಂದು ದಿನ ಫೋನಿನಲ್ಲಿ. ಮರುದಿನ ತಾನೇ ಫೋನು ಮಾಡಿ ಮಳೆಯ ಸುದ್ದಿ ಮಾತಾಡಿದ.

ಕೆನ್ನೆಗೆ ಕೆಲವು ವಾರ ಇಂಜೆಕ್ಷನ್ ಕೊಟ್ಟರು, ಬಿಗಿದ ನಾರನ್ನು ಸಡಿಲಿಸಲು. ಮಾತ್ರೆಗಳಿದ್ದವು. ಗಟ್ಟಿಯಾದದ್ದು ಪೂರ್ತಿ ಮೊದಲಿನಂತಾಗುವುದು ಕಷ್ಟ, ಇನ್ನೂ ಬಿಗಿಯದಂತೆ ನೋಡಿಕೊಂಡು ಇದ್ದಷ್ಟರಲ್ಲಿ ತೆರೆಯಬಹುದು, ಕ್ಯಾನ್ಸರಿಗೆ ತಿರುಗದಂತೆ ಕಣ್ಣಿಟ್ಟಿರಬೇಕು, ಬಿಡದೆ ತೋರಿಸುತ್ತಿರಬೇಕು ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು. ಉಳಿದದ್ದು ವ್ಯಾಯಾಮ. ಅದಕ್ಕೆ ಬೇಕಾದ ಸಲಕರಣೆ ಐಸ್‌ಕ್ರೀಮಿನ ಮರದ ಕಡ್ಡಿ. ಕಡ್ಡಿಗಳನ್ನು ಒಂದರ ಮೇಲೊಂದು ಅಡಕಿ ಹಲ್ಲುಗಳ ನಡುವೆ ಇಟ್ಟು, ತಡೆಯುವಷ್ಟು ಹೊತ್ತು ಹಿಡಿದು, ನಡುವೆ ಇನ್ನೊಂದನ್ನು ತೂರಿಸಬೇಕು. ದಿನಕ್ಕೆ ನಾಲ್ಕೈದು ಸಲ. ಒಂದು ಕಡ್ಡಿ ಸುಮಾರು ಎರಡು ಮಿಲಿಮೀಟರ್ ದಪ್ಪ. ಚಿಕ್ಕಪ್ಪ ಶುರು ಮಾಡಿದಾಗ 12 ಕಡ್ಡಿ ಹಿಡಿಸುತ್ತಿತ್ತು, ಅಂದರೆ 24 ಮಿಲಿಮೀಟರ್. ದೊಡ್ಡವರ ಬಾಯಿ ಸಾಮಾನ್ಯವಾಗಿ 40ರ ಆಸುಪಾಸು ತೆರೆಯುತ್ತದೆ.

ಅಡಿಕೆ ತೂಕದ ಲೆಕ್ಕ ಬರೆಯುತ್ತಿದ್ದ ಮಂಡಿಯ ಚಿಕ್ಕ ಪುಸ್ತಕದ ಹಿಂಬದಿಯಲ್ಲಿ ಈಗ ಅವನು ಕಡ್ಡಿಯ ಲೆಕ್ಕ ಬರೆಯುತ್ತಾನೆ. ತಾರೀಖು, ಬೆಳಿಗ್ಗೆ ಎಷ್ಟು, ರಾತ್ರಿ ಎಷ್ಟು. 13 ಆಗಲು ಎರಡು ತಿಂಗಳು ಬೇಕಾಯಿತು. ಮಧ್ಯೆ ಒಂದು ವಾರ 12ಕ್ಕೆ ಇಳಿಯಿತು. ಕಳೆದ ಭಾನುವಾರ ಫೋನು ಮಾಡಿದಾಗ 15 ಎಂದ. ಕಡುಬನ್ನು ಈಗ ಎರಡೇ ತುಂಡು ಮಾಡುತ್ತಾರೆ ಎಂದು ಹಿಂದಿನಿಂದ ಚಿಕ್ಕಮ್ಮ ಕೂಗಿದಳು.

"ಶಿಳ್ಳೆ ಬಂತಾ ಚಿಕ್ಕಪ್ಪ?" ಎಂದು ಕೇಳಿದೆ.

"ಬರೀ ಗಾಳಿ ಬರ್ತದೆ ಪುಟ್ಟಿ" ಎಂದ. "ಆದ್ರೆ ನಾಯಿ ತಲೆ ಎತ್ತಿ ನೋಡ್ತದೆ."